ಐದನೆಯ ಚಕ್ರ

ಆ ಮನೆಯಲ್ಲಿ ಕಾಫಿಯ ಲೆಕ್ಕ ಅಪ್ಪನದು, ಕರಿಮೆಣಸಿನ ಲೆಕ್ಕ ಅಜ್ಜಿಯದು. ಹಿತ್ತಿಲ ಮರಗಳಿಗೆ ಹಬ್ಬಿದ ಬಳ್ಳಿಗಳ ಮೆಣಸನ್ನು ಬಿಡಿಸಿ, ಅಂಗಳದಲ್ಲಿ ಒಣಗಿಸಿ, ಮಾರಿ ಬಂದ ಹಣವನ್ನು ಅಜ್ಜಿ ಯಾರಿಗೂ ತೋರಿಸುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ. 2023ರ ಮೇ ತಿಂಗಳಲ್ಲಿ ಆ ಹಣದಿಂದ 65,000 ರೂಪಾಯಿ ಎಣಿಸಿ ಮೊಮ್ಮಗನ ಕೈಗಿಟ್ಟಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

"ಇಷ್ಟು ದುಡ್ಡಿಗೆ ಬರೀ ಚಕ್ರ ಬರುತ್ತೇನೋ ಮಗಾ?"

"ಬರೀ ಚಕ್ರ ಅಲ್ಲ ಅಜ್ಜಿ, ದೊಡ್ಡ ಚಕ್ರ" ಎಂದ ಮೊಮ್ಮಗ.

ಹುಡುಗ ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದ. ಮನೆ ಸಕಲೇಶಪುರದಿಂದ 19 ಕಿಲೋಮೀಟರ್ ಒಳಗೆ. ಆ ದಾರಿಯಲ್ಲಿ ಒಂದಿಷ್ಟು ಟಾರು, ಒಂದಿಷ್ಟು ಸಿಮೆಂಟು, ಕೊನೆಯ 3 ಕಿಲೋಮೀಟರ್ ಬರೀ ಮಣ್ಣು. ಮನೆಯಲ್ಲಿದ್ದ ವಾಹನ 2003ರಲ್ಲಿ ನೋಂದಣಿಯಾದ ಮಾರುತಿ ಜಿಪ್ಸಿ. ಅಪ್ಪ ಅದನ್ನು ಎರಡನೆಯ ಕೈಯಿಂದ ಕೊಂಡಿದ್ದರು. ಗೊಬ್ಬರದ ಮೂಟೆ, ಆಳುಗಳ ಮಕ್ಕಳು, ಬಸುರಿ ಹೆಂಗಸರು, ಮದುವೆಯ ಪಾತ್ರೆ ಎಲ್ಲವೂ ಅದರಲ್ಲಿ ಪ್ರಯಾಣ ಮಾಡಿದ್ದವು.

ಜಿಪ್ಸಿಯ ಕಥೆ ಅನೇಕ ಓದುಗರಿಗೆ ಗೊತ್ತೇ ಇದೆ. ಅದು ನಮ್ಮ ದೇಶದ ರಸ್ತೆಗೆ ಬಂದದ್ದು 1985ರಲ್ಲಿ. ಮೊದಲು 970 ಸಿ.ಸಿ. ಎಂಜಿನ್ ಇತ್ತು, 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು. ಸೇನೆ, ಪೊಲೀಸು, ಅರಣ್ಯ ಇಲಾಖೆ, ಮೋಟಾರು ರ‍್ಯಾಲಿ ಎಲ್ಲ ಕಡೆಯೂ ಅದು ಓಡಿತು. ಜನಸಾಮಾನ್ಯರಿಗೆ ಮಾರುವುದು 2019ರ ಹೊತ್ತಿಗೆ ನಿಂತುಹೋಯಿತು. ನಿಂತ ಮೇಲೆ ಇದ್ದವರಿಗೆ ಅದರ ಮೇಲಿನ ಮೋಹ ಇನ್ನೂ ಹೆಚ್ಚಾಯಿತು.

ಹುಡುಗನ ಮೋಹಕ್ಕೆ ಒಂದು ನ್ಯಾಯವಾದ ಕಾರಣವೂ ಇತ್ತು. ಮಣ್ಣಿನ ದಾರಿಯಲ್ಲಿ, ಹಳ್ಳ ದಾಟಿದ ಕೂಡಲೇ, ನಡುವೆ ಒಂದು ಕಲ್ಲು ತಲೆ ಎತ್ತಿತ್ತು. ಪ್ರತಿ ಮಳೆಗಾಲ ಮಣ್ಣು ಕೊಚ್ಚಿಹೋದಂತೆ ಕಲ್ಲು ಇನ್ನಷ್ಟು ಮೇಲೆ ಬರುತ್ತಿತ್ತು. ಜಿಪ್ಸಿಯ ಆಕ್ಸಲ್ಲಿನ ನಡುವೆ ಇರುವ ಡಿಫರೆನ್ಷಿಯಲ್ ಗುಂಡು ಅದಕ್ಕೆ ತಾಗಿ 'ಠಣ್' ಎನ್ನುತ್ತಿತ್ತು. ಸ್ಪ್ರಿಂಗ್ ಪಟ್ಟಿ ಎತ್ತರಿಸಿದರೆ ಗಾಡಿಯ ಮೈ ಮೇಲೆ ಹೋಗುತ್ತದೆಯೇ ಹೊರತು ಆಕ್ಸಲ್ ಅಲ್ಲೇ ಇರುತ್ತದೆ. ಆಕ್ಸಲ್ ಮೇಲೇಳಬೇಕಾದರೆ ಚಕ್ರವೇ ದೊಡ್ಡದಾಗಬೇಕು. ಈ ಮಾತನ್ನು ಹುಡುಗ ಊಟದ ಹೊತ್ತಿನಲ್ಲಿ ತಟ್ಟೆ, ಲೋಟ ಇಟ್ಟು ಅಪ್ಪನಿಗೆ ವಿವರಿಸಿದ. ಅಪ್ಪ ಕೇಳಿಸಿಕೊಂಡರು. ಮಗ ಓದಿದ್ದು ಮನೆಯ ಗಾಡಿಗೆ ಉಪಯೋಗಕ್ಕೆ ಬರುತ್ತಿದೆಯಲ್ಲ ಎಂಬ ಹೆಮ್ಮೆಯೂ ಅವರಿಗಿತ್ತು.

ಅಂಕಿಗಳ ಭಾಷೆ

ವಾಹನದ ಟೈರನ್ನು ಒಮ್ಮೆ ಬಗ್ಗಿ ನೋಡಿ. ಬದಿಯಲ್ಲಿ ಅಂಕಿಗಳ ಒಂದು ಸಾಲು ಇರುತ್ತದೆ. ಆ ಜಿಪ್ಸಿಯ ಹಳೆಯ ಟೈರಿನ ಮೇಲಿದ್ದದ್ದು 205/70 ಆರ್ 15. ಇದರಲ್ಲಿ 205 ಎಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 70 ಎಂದರೆ ಬದಿಯ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 70 ಪಾಲು. 'ಆರ್' ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ.

ಲೆಕ್ಕ ಹೈಸ್ಕೂಲಿನದು. 205ರ ನೂರಕ್ಕೆ 70 ಪಾಲು 143.5 ಮಿ.ಮೀ. ಗೋಡೆ ಮೇಲೊಂದು ಕೆಳಗೊಂದು ಇರುವುದರಿಂದ 287. ರಿಮ್ಮಿನ 15 ಅಂಗುಲ ಎಂದರೆ 381 ಮಿ.ಮೀ. ಕೂಡಿದರೆ ಚಕ್ರದ ಎತ್ತರ 668 ಮಿ.ಮೀ.

ಹುಡುಗ ಆರಿಸಿಕೊಂಡದ್ದು 235/75 ಆರ್ 15. ಅದೇ ರೀತಿ ಲೆಕ್ಕ ಹಾಕಿದರೆ 733.5 ಮಿ.ಮೀ. ವ್ಯತ್ಯಾಸ 65 ಮಿ.ಮೀ.ಗೆ ಕೊಂಚ ಹೆಚ್ಚು. ಅದರ ಅರ್ಧ ಮಾತ್ರ ಆಕ್ಸಲ್ಲಿನ ಕೆಳಗೆ ಸೇರುವುದರಿಂದ ಗುಂಡು ಮೇಲೇಳುವುದು ಸುಮಾರು 33 ಮಿ.ಮೀ. ಕಲ್ಲಿನ ಎತ್ತರವನ್ನು ಅವನು ಅಳತೆಪಟ್ಟಿ ಹಿಡಿದು ಅಳೆದು ಬಂದಿದ್ದ. 33 ಮಿ.ಮೀ. ಸಾಕಾಗಿತ್ತು.

ಆದರೆ ಅದೇ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಚಕ್ರ ಸುಮಾರು ನೂರಕ್ಕೆ 10ರಷ್ಟು ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಅಷ್ಟೇ ಹೆಚ್ಚು ದೂರ ಹೋಗುತ್ತದೆ. ವೇಗದ ಮೀಟರಿಗೆ ಇದು ತಿಳಿಯದು. ಅದು ಸುತ್ತುಗಳನ್ನಷ್ಟೇ ಎಣಿಸುತ್ತದೆ. ಮೀಟರು 60 ತೋರಿಸುವಾಗ ಗಾಡಿ ನಿಜವಾಗಿ 66ರ ಹತ್ತಿರ ಓಡುತ್ತಿರುತ್ತದೆ. ಏರಿನಲ್ಲಿ ಎಂಜಿನ್ ಹೆಚ್ಚು ಏದುಸಿರು ಬಿಡಬೇಕು. ಬ್ರೇಕು ಹಿಡಿಯುವ ಜಾಗ ಹಳೆಯದೇ, ನೆಲ ಮಾತ್ರ ಅದರಿಂದ ದೂರ ಹೋಗಿರುತ್ತದೆ. ಆದ್ದರಿಂದ ಕಾಲು ಅಷ್ಟೇ ಒತ್ತಿದರೂ ಹಿಡಿತ ಕಡಿಮೆ. ಇಷ್ಟೂ ಹುಡುಗನಿಗೆ ಗೊತ್ತಿತ್ತು. ನೋಟ್ ಪುಸ್ತಕದಲ್ಲಿ ಬರೆದೂ ಇಟ್ಟಿದ್ದ.

ಅಂಗಡಿಯ ಪ್ರಶ್ನೆ

ಹಾಸನದ ಟೈರಿನಂಗಡಿಯ ಯಜಮಾನರು ತಲೆ ನರೆತವರು. ಗಿರಾಕಿ ಹೇಳಿದ್ದನ್ನು ಕೊಟ್ಟು ಕಳಿಸಿಬಿಡುವ ಪೈಕಿ ಅಲ್ಲ. ಹುಡುಗನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದರು.

"ಬೋಲ್ಟಿನ ಸುತ್ತಳತೆ ಎಷ್ಟು ತಮ್ಮಾ?"

"ಐದು ಬೋಲ್ಟು, 139.7" ಎಂದ ಹುಡುಗ. ಐದು ಬೋಲ್ಟುಗಳ ನಡುವಿನಿಂದ ಹಾದುಹೋಗುವ ವೃತ್ತದ ವ್ಯಾಸ ಅದು, ಮಿಲಿಮೀಟರ್‌ನಲ್ಲಿ. ಅದು ಕೂಡದಿದ್ದರೆ ರಿಮ್ಮು ಕೂರುವುದೇ ಇಲ್ಲ.

"ನಡುವಿನ ತೂತು ಹಬ್ಬಿಗೆ ಸರಿ ಕೂರುತ್ತಾ?" ಅಳೆದು ನೋಡಿಯಾಗಿತ್ತು.

"ಆಫ್‌ಸೆಟ್ಟು?" ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಒರಗುವ ಮುಖ ಎಷ್ಟು ಒಳಗೆ ಅಥವಾ ಹೊರಗೆ ಇದೆ ಎಂಬ ಅಳತೆ ಇದು. ಚಕ್ರ ಬಹಳ ಒಳಗೆ ಕೂತರೆ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಪಟ್ಟಿಗೆ ಉಜ್ಜುತ್ತದೆ. ಬಹಳ ಹೊರಗೆ ಕೂತರೆ ಬೇರಿಂಗಿನ ಮೇಲೆ ಭಾರ ಹೆಚ್ಚುತ್ತದೆ, ಸ್ಟೇರಿಂಗ್ ಕೈಯನ್ನು ಒದೆಯುತ್ತದೆ. ಹುಡುಗ ಇದಕ್ಕೂ ಉತ್ತರ ಕೊಟ್ಟ. ಯಜಮಾನರು ಮೆಚ್ಚಿ ತಲೆಯಾಡಿಸಿದರು.

"ಹಾಗಾದ್ರೆ ಐದು ಸೆಟ್ ತೆಗೀಲಾ?"

"ನಾಲ್ಕು ಸಾಕು. ಸ್ಟೆಪ್ನಿ ಹಳೇದೇ ಇರಲಿ."

ಒಂದು ಟೈರು 8,500, ಒಂದು ಅಲಾಯ್ ರಿಮ್ಮು 7,000. ನಾಲ್ಕು ಸೆಟ್ಟಿಗೆ 62,000. ಮಿಕ್ಕಿದ್ದು ಕೂಲಿಗೂ ನಟ್ಟುಗಳಿಗೂ ಸರಿಯಾಗುತ್ತಿತ್ತು. ಐದನೆಯದಕ್ಕೆ ಇನ್ನೂ 15,500 ಬೇಕು.

"ಗಾಡಿ ಫೋರ್ ವೀಲು. ಐದೂ ಒಂದೇ ಅಳತೆ ಇದ್ರೆ ಒಳ್ಳೇದು, ಯಜಮಾನ್ರೇ" ಎಂದು ಅಂಗಡಿಯವರು ಅಪ್ಪನ ಮುಖ ನೋಡಿದರು. ಅಪ್ಪ ಮಗನ ಮುಖ ನೋಡಿದರು. ಮಗ, "ಮುಂದಿನ ವರ್ಷ ಹಾಕಿಸೋಣ ಅಪ್ಪಾ" ಎಂದ. ಅಪ್ಪ ಸುಮ್ಮನಾದರು.

ಟೈರು ಹಾಕಿ, ಬ್ಯಾಲೆನ್ಸ್ ಮಾಡಿ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನೋಡಿದಾಗ ಮುಂದಿನ ಬಂಪರಿನ ಮೂಲೆಗೆ ಟೈರು ಸವರುತ್ತಿತ್ತು. ಸ್ಟೇರಿಂಗ್ ತಡೆಯುವ ಬೋಲ್ಟನ್ನು ಸ್ವಲ್ಪ ಹೊರಗೆ ತಂದು ಅದನ್ನು ನಿಲ್ಲಿಸಿದರು. ಅಂದರೆ ಗಾಡಿ ತಿರುಗಲು ಮೊದಲಿಗಿಂತ ಹೆಚ್ಚು ಜಾಗ ಬೇಕಾಯಿತು. "ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನ ಇನ್ನೊಂದ್ಸಲ ಬಿಗಿ ಮಾಡು, ಮರೀಬೇಡ" ಎಂದು ಹೇಳಿ ಯಜಮಾನರು ಕಳಿಸಿಕೊಟ್ಟರು.

ಊರು ಹತ್ತಿರವಾಯಿತು

ಜೂನ್ ತಿಂಗಳು ಸಂಭ್ರಮದಲ್ಲಿ ಕಳೆಯಿತು. ಸುಳ್ಳು ಹೇಳಬಾರದು, ಕಲ್ಲು ತಾಗುವುದು ನಿಂತೇಹೋಯಿತು. ಆಳವಾದ ಗೆರೆಗಳಿದ್ದ ಹೊಸ ಟೈರು ಕೆಸರನ್ನು ಕಚ್ಚಿ ಹಿಡಿಯುತ್ತಿತ್ತು. ತೀರಾ ಮೆತ್ತಗಿನ ಕೆಸರಿನಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಟೈರು ಚಪ್ಪಟೆಯಾಗಿ ಇನ್ನೂ ಹೆಚ್ಚು ನೆಲ ಹಿಡಿಯುತ್ತದೆ, ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು ಎಂಬುದನ್ನೂ ಹುಡುಗ ಅಭ್ಯಾಸ ಮಾಡಿಕೊಂಡ. ಪಕ್ಕದ ತೋಟದವರು ಬಂದು ನೋಡಿ ಹೋದರು. ಅಜ್ಜಿಯೂ ಬಂದು ಟೈರನ್ನು ಮುಟ್ಟಿ, "ಆನೆ ಕಾಲಿನ ಹಾಗಿದೆ" ಎಂದು ಹೇಳಿ ಒಳಗೆ ಹೋದರು.

ಮೊದಲು ಅನುಮಾನ ಬಂದದ್ದು ಅಪ್ಪನಿಗೆ. ಸಕಲೇಶಪುರಕ್ಕೆ ಹೋಗಿ ಬಂದರೆ 38 ತೋರಿಸುತ್ತಿದ್ದ ಮೀಟರು ಈಗ 35ರ ಹತ್ತಿರವೇ ನಿಲ್ಲುತ್ತಿತ್ತು. "ಊರೇ ಹತ್ತಿರ ಬಂದುಬಿಡ್ತಲ್ಲೋ!" ಎಂದು ನಕ್ಕರು. ಮಗ ಲೆಕ್ಕ ವಿವರಿಸಿದ. ಪವರ್ ಸ್ಟೇರಿಂಗ್ ಇಲ್ಲದ ಆ ಗಾಡಿಯನ್ನು ನಿಂತಲ್ಲೇ ತಿರುಗಿಸಲು ಅಪ್ಪನ ತೋಳಿಗೆ ಈಗ ಕಷ್ಟವಾಗುತ್ತಿತ್ತು. ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೆಯದು ಬೇಕಾಗುತ್ತಿತ್ತು. ಈ ಸಂಗತಿಗಳನ್ನು ಅವರು ಹೇಳಲಿಲ್ಲ. ಮಗನ ಖುಷಿಗೆ ಯಾಕೆ ತಣ್ಣೀರು ಎಂದು ಸುಮ್ಮನಿದ್ದರು.

ಜುಲೈ ರಾತ್ರಿ

ಜುಲೈ ಕೊನೆಯ ವಾರ ಮೂರು ದಿನ ಎಡೆಬಿಡದೆ ಮಳೆ. ಹುಡುಗ ರಜೆಗೆ ಮನೆಗೆ ಬಂದಿದ್ದ. ರಾತ್ರಿ ಒಂದು ಗಂಟೆಗೆ ಅಜ್ಜಿಗೆ ಉಸಿರು ಕಟ್ಟತೊಡಗಿತು. ಕೂತರೂ ಆಗದು, ಮಲಗಿದರೂ ಆಗದು. ಅಮ್ಮ ಅಜ್ಜಿಯನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಒರಗಿಸಿಕೊಂಡು ಕೂತರು. ಹುಡುಗ ಸ್ಟೇರಿಂಗ್ ಹಿಡಿದ. ಅಪ್ಪ ಟಾರ್ಚು ಹಿಡಿದು ಪಕ್ಕದಲ್ಲಿ ಕೂತರು. ಮಳೆಗಾಲದಲ್ಲೂ ಮುಕ್ಕಾಲು ಗಂಟೆಯ ದಾರಿ ಅದು.

ಹಳ್ಳ ದಾಟಿತು. ಕಲ್ಲು ತಾಗಲಿಲ್ಲ. ಆದರೆ ಮುಂದೆ ಗಾಳಿಗೆ ಬಿದ್ದ ಸಿಲ್ವರ್ ಮರವೊಂದನ್ನು ಹಗಲು ಕಡಿದು ತೆಗೆದಿದ್ದರು. ದಾರಿಯಂಚಿನಲ್ಲಿ ಒಂದು ಚೂಪು ಮೋಟು ಉಳಿದಿತ್ತು. ಮೊದಲಿಗಿಂತ ಹೊರಗೆ ಚಾಚಿದ್ದ ಮುಂದಿನ ಎಡ ಚಕ್ರದ ಬದಿಯ ಗೋಡೆ ಅದಕ್ಕೆ ಸಿಕ್ಕಿ ಸೀಳಿತು. ಟೈರಿನ ತಳ ತೂತಾದರೆ ಪಂಕ್ಚರ್ ಹಾಕಬಹುದು. ಬದಿಯ ಗೋಡೆ ಸೀಳಿದರೆ ಬೇರೆ ಟೈರೇ ಬೇಕು.

ಮಳೆಯಲ್ಲಿ, ಕೆಸರಿನಲ್ಲಿ, ಜಾಕಿನ ಕೆಳಗೆ ಹಲಗೆ ಕೊಟ್ಟು ತಂದೆ ಮಗ ಚಕ್ರ ಬಿಚ್ಚಿದರು. ಹಿಂಬಾಗಿಲಿನಲ್ಲಿ ತೂಗುತ್ತಿದ್ದ ಸ್ಟೆಪ್ನಿಯನ್ನು ತಂದು ಹಾಕಿದರು. ಜಾಕು ಇಳಿಸಿದಾಗ ಗಾಡಿ ಒಂದು ಮೂಲೆಗೆ ವಾಲಿ ನಿಂತಿತು. ಮೂರು ಚಕ್ರ 733, ಒಂದು 668.

ಮುಂದೆ ಜಾರುವ ಏರು. ಎರಡೇ ಚಕ್ರದ ಬಲದಲ್ಲಿ ಗಾಡಿ ಅಡ್ಡಡ್ಡ ಜಾರಿತು. ಹುಡುಗ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲಿವರನ್ನು ಎಳೆದ. ಏರು ಹತ್ತಿತು. ಆದರೆ ಏರಿನ ತುದಿಯಲ್ಲಿ ಹಳ್ಳಿಯ ಸಿಮೆಂಟು ರಸ್ತೆ ಶುರುವಾಗುತ್ತದೆ. ಅದರ ಮೇಲೆ ಹದಿನೈದು ಇಪ್ಪತ್ತು ಮೀಟರು ಹೋಗುವಷ್ಟರಲ್ಲಿ ಸ್ಟೇರಿಂಗ್ ಕಲ್ಲಿನಂತಾಯಿತು. ಚಕ್ರಗಳು ಕಿರುಗುಟ್ಟಿದವು. ಎಂಜಿನ್ ನರಳಿತು. ಲಿವರು ಹೊರಗೆ ಬರಲೊಲ್ಲದು.

ಇಂಥ ಗಾಡಿಗಳಲ್ಲಿ ಲಿವರು ಎಳೆದಾಗ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಒಂದಕ್ಕೊಂದು ಬಿಗಿಯಾಗಿ ಸೇರಿಕೊಳ್ಳುತ್ತವೆ. ಎರಡೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಮುಂದೆ ಒಂದು ಚಕ್ರ ಸಣ್ಣದಾದರೆ ಅದೇ ದೂರಕ್ಕೆ ಮುಂದಿನ ಆಕ್ಸಲ್ ಹೆಚ್ಚು ಸುತ್ತು ತಿರುಗಬೇಕು. ಹಿಂದಿನದು ಬಿಡುವುದಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಗಟ್ಟಿ ನೆಲದ ಮೇಲೆ ಜಾರಲು ಎಡೆಯಿಲ್ಲ. ಹಗ್ಗ ಹೊಸೆದಂತೆ ಬಿಗಿ ಏರುತ್ತಲೇ ಹೋಗುತ್ತದೆ. ಹುಡುಗನಿಗೆ ಇದು ಪರೀಕ್ಷೆಯಲ್ಲಿ ಬಂದಿದ್ದರೆ ಬರೆದುಬಿಡುತ್ತಿದ್ದ. ಆ ಹೊತ್ತಿಗೆ ಅವನಿಗೆ ಹಿಂದಿನ ಸೀಟಿನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಎರಡೂ ಕೈಯಿಂದ ಲಿವರನ್ನು ಜಗ್ಗಿದ.

"ಎಳೀಬೇಡ" ಎಂದರು ಅಪ್ಪ. "ಮುರಿಯುತ್ತೆ. ನಿಲ್ಲಿಸು. ರಿವರ್ಸ್ ಹಾಕಿ ಎರಡು ಮಾರು ಹಿಂದಕ್ಕೆ ಬಿಡು."

"ಹಿಂದಕ್ಕಾ? ಅಪ್ಪಾ, ಅಜ್ಜಿ..."

"ಹಿಂದಕ್ಕೆ ಬಿಡು ಅಂದೆ."

ಗಾಡಿ ಹಿಂದಕ್ಕೆ ಉರುಳಿತು. ಹೊಸೆದದ್ದು ಬಿಚ್ಚಿಕೊಂಡಿತು. ಅಪ್ಪ ಎರಡು ಬೆರಳಿನಿಂದ ಲಿವರನ್ನು ದೂಡಿದರು, ಬೆಣ್ಣೆಯಂತೆ ಸರಿಯಿತು. ಹಿಂದೆ ಹಳೆಯ ಜೀಪು ಓಡಿಸಿದ್ದ ಕಾಲದಲ್ಲಿ ಕಲಿತದ್ದು ಅದು.

ಅಲ್ಲಿಂದ ಮುಂದೆ ಎಡಕ್ಕೆ ಎಳೆಯುವ ಗಾಡಿಯನ್ನು, ಬ್ರೇಕು ಹಾಕಿದರೆ ಇನ್ನೂ ಎಳೆಯುವ ಗಾಡಿಯನ್ನು, 20ರ ವೇಗದಲ್ಲಿ ನಡೆಸಿಕೊಂಡು ಆಸ್ಪತ್ರೆ ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ಡಾಕ್ಟರು ಅಜ್ಜಿಗೆ ಆಮ್ಲಜನಕ ಹಾಕಿ, ಹೊರಗೆ ಬಂದು, "ಇನ್ನೂ ಸ್ವಲ್ಪ ಮೊದಲೇ ಕರ್ಕೊಂಡು ಬರಬೇಕಿತ್ತು" ಎಂದರು. ಬೈದು ಹೇಳಿದ ಮಾತಲ್ಲ. ದೂರದ ಹಳ್ಳಿಯವರಿಗೆ ಅವರು ದಿನವೂ ಹೇಳುವ ಮಾತೇ ಇರಬೇಕು. ಹುಡುಗ ಗೋಡೆಗೆ ಒರಗಿ ಕೂತುಬಿಟ್ಟ.

ಬೆಳಕು ಹರಿಯುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ: "ನನಗೆ ಎಲ್ಲಾ ಲೆಕ್ಕ ಗೊತ್ತಿತ್ತು ಅಪ್ಪಾ. ಐದನೇದು ಬೇಕು ಅನ್ನೋದೂ ಗೊತ್ತಿತ್ತು."

"ಗೊತ್ತಿತ್ತು" ಎಂದರು ಅಪ್ಪ. "ಅಂಗಡಿಯವರು ಕೇಳಿದಾಗ ನಾನೂ ಅಲ್ಲೇ ಇದ್ನಲ್ಲ. ಈ ಗಾಡಿ ಮನೇಲಿ ಯಾಕಿದೆ ಅಂತ ನಾನಾದರೂ ಹೇಳಬೇಕಿತ್ತು. ನೀನು ಓದಿದವನು, ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ಮನಾದೆ."

ಅಜ್ಜಿ ಆರನೆಯ ದಿನ ಮನೆಗೆ ಬಂದರು.

ಹಾರೆ ಮತ್ತು ಕಲ್ಲು

ದೊಡ್ಡ ಟೈರು ಕೆಟ್ಟದ್ದು ಎಂದು ಈ ಕಥೆಯಿಂದ ಯಾರೂ ತಿಳಿಯಬೇಕಾಗಿಲ್ಲ. ಕೆಸರು ಬಂಡೆಗಳ ಮೇಲೆ ಓಡಿಸುವ ಸ್ಪರ್ಧೆಗೆಂದೇ ಗಾಡಿ ಕಟ್ಟುವವರು ಚಕ್ರದ ಜೊತೆಗೆ ಗೇರಿನ ಅನುಪಾತ, ಬ್ರೇಕು, ಸ್ಪ್ರಿಂಗು ಎಲ್ಲವನ್ನೂ ಬದಲಿಸಿ ಒಂದಕ್ಕೊಂದು ಹೊಂದಿಸುತ್ತಾರೆ. ಚಕ್ರ ಎಂಬುದು ಒಂಟಿ ವಸ್ತುವಲ್ಲ. ಅದರ ಅಳತೆಯನ್ನು ನಂಬಿಕೊಂಡೇ ಗಾಡಿಯ ಉಳಿದ ಅಳತೆಗಳೆಲ್ಲ ಇರುತ್ತವೆ. ಒಂದನ್ನು ಬದಲಿಸಿ ಉಳಿದವನ್ನು 'ಮುಂದಿನ ವರ್ಷ'ಕ್ಕೆ ಬಿಟ್ಟರೆ, ಆ ಮುಂದಿನ ವರ್ಷದೊಳಗೆ ಒಂದು ಜುಲೈ ಬಂದೇ ಬರುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಎಂದು ಸೇರಿಸಲಾಯಿತು. ಹದಿನೈದು ವರ್ಷ ತುಂಬಿದ ಸ್ವಂತ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ವಾಹನದ ತಪಾಸಣೆಯೂ ಆಗುತ್ತದೆ. ಆ ಜಿಪ್ಸಿಯ ಸರದಿ 2023ರ ಅಕ್ಟೋಬರಿನಲ್ಲಿತ್ತು.

ಸೆಪ್ಟೆಂಬರಿನಲ್ಲಿ ಹುಡುಗ ರಿಮ್ಮುಗಳನ್ನೂ ಮೂರು ಟೈರುಗಳನ್ನೂ ಮಾರಿದ. ಬಂದ ಹಣದಲ್ಲಿ ಹಳೆಯ ಉಕ್ಕಿನ ರಿಮ್ಮುಗಳಿಗೆ ಹಳೆಯ ಅಳತೆಯದೇ ಐದು ಹೊಸ ಟೈರು ಹಾಕಿಸಿದ. ಅಂಗಡಿಯ ಯಜಮಾನರು ಈ ಸಲ ಏನೂ ಕೇಳಲಿಲ್ಲ. ಟೈರಿನ ಬದಿಯ ನಾಲ್ಕು ಅಂಕಿ ಮಾತ್ರ ತೋರಿಸಿದರು. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. "ಸ್ಟೆಪ್ನಿಗೂ ವಯಸ್ಸಾಗುತ್ತೆ ತಮ್ಮಾ. ಆಗಾಗ ಸರದಿ ಮೇಲೆ ಕೆಳಗಿಳಿಸಿ ಓಡಿಸು" ಎಂದರು.

ಉಳಿದ ಹಣವನ್ನು ಅಜ್ಜಿಗೆ ಕೊಡಲು ಹೋದ. ಅಜ್ಜಿ ಎಣಿಸದೆ ಪೆಟ್ಟಿಗೆಗೆ ಹಾಕಿ, "ಮೆಣಸು ಬರೋ ವರ್ಷಾನೂ ಬಿಡುತ್ತೆ ಬಿಡು" ಎಂದರು.

ಕಲ್ಲು ಮಾತ್ರ ಅಲ್ಲೇ ಇತ್ತು. ಮೊದಲ ಓಡಾಟದಲ್ಲೇ ಮತ್ತೆ 'ಠಣ್' ಎಂದಿತು. ಆ ಭಾನುವಾರ ತಂದೆ ಮಗ ಇಬ್ಬರೂ ಹಾರೆ, ಗುದ್ದಲಿ ಹಿಡಿದು ಹಳ್ಳದ ದಾರಿಗೆ ಹೋದರು. ಮೇಲೆ ಕಾಣುತ್ತಿದ್ದದ್ದು ಗೇಣು, ನೆಲದೊಳಗೆ ಇದ್ದದ್ದು ಮೊಳ. ಮಧ್ಯಾಹ್ನದ ಹೊತ್ತಿಗೆ ಅದು ಮೇಲೆ ಬಂತು. ಗುಂಡಿಗೆ ಜಲ್ಲಿ ತುಂಬಿ, ಮಳೆನೀರು ದಾರಿಯ ಮೇಲೆ ಹರಿಯದಂತೆ ಪಕ್ಕದಲ್ಲಿ ಒಂದು ಚರಂಡಿ ತೆಗೆದರು. ಇಷ್ಟು ವರ್ಷ ಈ ಕೆಲಸ ಯಾಕೆ ಹೊಳೆಯಲಿಲ್ಲವೆಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಕಲ್ಲನ್ನು ಜಿಪ್ಸಿಯಲ್ಲೇ ಹೇರಿ ಮನೆಗೆ ತಂದು ಅಂಗಳದ ಮೂಲೆಗೆ ಹಾಕಿದರು. ಮೇಲ್ಭಾಗ ಉಜ್ಜಿ ಉಜ್ಜಿ ನುಣುಪಾಗಿತ್ತು. ಮಾರ್ಚಿನಲ್ಲಿ ಮೆಣಸು ಒಣಗಿಸುವಾಗ ಕೋಳಿ ಓಡಿಸಲು ಅಜ್ಜಿ ಅದರ ಮೇಲೆ ಕೂತಿದ್ದರು.